ಮಟಮಟ ಮಧ್ಯಾಹ್ನದ ಫುಟ್‌ಬಾಲ್

2022ರ ಜನವರಿ 12. ಕ್ಯಾಮರೂನಿನ ಕಡಲತೀರದ ಊರು ಲಿಂಬೆ. ಆಫ್ರಿಕಾ ರಾಷ್ಟ್ರಗಳ ಕಪ್‌ನಲ್ಲಿ ಮಾಲಿ ಮತ್ತು ಟ್ಯುನೀಶಿಯಾ ತಂಡಗಳು ಮಧ್ಯಾಹ್ನ ಎರಡು ಗಂಟೆಗೆ ಆಟಕ್ಕಿಳಿದವು. ಮಾಲಿ ಒಂದು ಗೋಲಿನಿಂದ ಮುಂದಿತ್ತು. ಇನ್ನೂ ಐದು ನಿಮಿಷ ಬಾಕಿಯಿರುವಾಗಲೇ ಜಾಂಬಿಯಾದ ರೆಫರಿ ಜಾನಿ ಸಿಕಾಜ್ವೆ ಆಟ ಮುಗಿಯಿತೆಂದು ಸೀಟಿ ಊದಿಬಿಟ್ಟರು. ತಪ್ಪು ತಿಳಿದು ಆಟ ಮತ್ತೆ ಶುರುವಾಯಿತು. 90 ನಿಮಿಷ ತುಂಬಲು ಕೆಲವೇ ಸೆಕೆಂಡುಗಳಿದ್ದಾಗ ಅವರು ಇನ್ನೊಮ್ಮೆ ಕೊನೆಯ ಸೀಟಿ ಊದಿದರು. ಟ್ಯುನೀಶಿಯಾದ ಕೋಚ್ ಕೈಗಡಿಯಾರ ತೋರಿಸುತ್ತ ಮೈದಾನಕ್ಕೆ ನುಗ್ಗಿದರು. ಸಾಮಾಜಿಕ ಜಾಲತಾಣಗಳಲ್ಲಿ ರೆಫರಿ ನಗೆಪಾಟಲಾದರು. ಅವರಿಗೆ ಬಿಸಿಲಿನ ಆಘಾತವಾಗಿತ್ತು ಎಂಬ ಸಂಗತಿ ಹೊರಬಿದ್ದದ್ದು ಆಮೇಲೆ. ಮೈ ತಣ್ಣಗಾಗುತ್ತಲೇ ಇರಲಿಲ್ಲ, ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಕೋಮಾಕ್ಕೆ ಜಾರುತ್ತಿದ್ದೆ ಎಂದು ಊರಿಗೆ ಮರಳಿದ ಮೇಲೆ ಸಿಕಾಜ್ವೆ ಹೇಳಿಕೊಂಡರು.

ಅಂದು ಮೈದಾನದಲ್ಲಿದ್ದ ಇಪ್ಪತ್ತೆರಡು ಆಟಗಾರರೂ ಅದೇ ಧಗೆಯಲ್ಲಿ ಓಡಿದ್ದರು. ಗ್ಯಾಲರಿಯಲ್ಲಿದ್ದವರೂ ಅದೇ ಬಿಸಿಲಿನಲ್ಲಿ ಕೂತಿದ್ದರು. ತಲೆ ಕೆಟ್ಟದ್ದು ರೆಫರಿಯದಾದ್ದರಿಂದ ಜಗತ್ತಿಗೆ ಗೊತ್ತಾಯಿತು, ಅಷ್ಟೆ. ಫುಟ್‌ಬಾಲನ್ನು ಕಾಡುತ್ತಿರುವ ಬಿಸಿಲಿನ ಪ್ರಶ್ನೆಯನ್ನು ಸಾಮಾನ್ಯವಾಗಿ ಹವಾಮಾನ ಬದಲಾವಣೆಯ ಅಧ್ಯಾಯದಲ್ಲಿಟ್ಟು ನೋಡುತ್ತೇವೆ. ಭೂಮಿ ಕಾಯುತ್ತಿರುವುದು ನಿಜ. ಆದರೆ ಕಳೆದ ಐವತ್ತು ವರ್ಷಗಳ ಪಂದ್ಯಗಳನ್ನು ಸಾಲಾಗಿಟ್ಟು ನೋಡಿದರೆ ಕಣ್ಣಿಗೆ ಹೊಡೆಯುವುದು ಸೂರ್ಯನಿಗಿಂತ ಹೆಚ್ಚಾಗಿ ವೇಳಾಪಟ್ಟಿ. ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಗಂಟೆಗೆ ಆಟ ಎಂದು ನಿರ್ಧರಿಸುವವರು ಒಬ್ಬರು. ಆ ಹೊತ್ತಿನಲ್ಲಿ ಬೇಯುವವರು ಇನ್ನೊಬ್ಬರು.

ಮೈಯೊಳಗೆ ಆಗುವುದೇನು

ಸ್ನಾಯು ದುಡಿಯುವಾಗ ಖರ್ಚಾಗುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಓಟಕ್ಕೆ ಸಲ್ಲುತ್ತದೆ. ಉಳಿದದ್ದು ಶಾಖವಾಗಿ ಮೈಯೊಳಗೇ ಸೇರುತ್ತದೆ. ಒಂದು ಪಂದ್ಯದಲ್ಲಿ ಸುಮಾರು ಹತ್ತು ಕಿಲೊಮೀಟರ್ ಓಡುವ, ಅದರಲ್ಲೂ ಆಗಾಗ್ಗೆ ದಮ್ಮುಕಟ್ಟಿ ಓಡುವ ಆಟಗಾರನ ಒಳಮೈ ತಾಪ ತಂಪಾದ ದಿನದಲ್ಲೂ 39 ಡಿಗ್ರಿ ಮುಟ್ಟುವುದುಂಟು. ಈ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಕಡುಸೆಕೆಯಲ್ಲಿ ಆಟಗಾರ ಗಂಟೆಗೆ ಒಂದೂವರೆ, ಎರಡು ಲೀಟರ್ ಬೆವರುವುದೂ ಇದೆ.

ಬೆವರು ಸುರಿದರೆ ಸಾಲದು, ಆರಬೇಕು. ಏಪ್ರಿಲ್‌ನಲ್ಲಿ ಕಲಬುರಗಿಯ ಮಾಳಿಗೆ ಮೇಲೆ ಹರವಿದ ಬಟ್ಟೆ ನೋಡನೋಡುತ್ತಿದ್ದಂತೆ ಒಣಗುತ್ತದೆ. ಜೂನ್‌ನ ಮಂಗಳೂರಿನಲ್ಲಿ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ. ಚರ್ಮದ ಪಾಡೂ ಅದೇ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಆರದೆ ತೊಟ್ಟಿಕ್ಕುತ್ತದೆ. ಮೈಯ ನೀರೂ ಉಪ್ಪೂ ಹೋದವು, ತಂಪು ಮಾತ್ರ ದಕ್ಕಲಿಲ್ಲ.

ಆಗ ಹೃದಯದ ಮೇಲೆ ಎರಡು ಕಡೆಯಿಂದ ಎಳೆತ ಶುರುವಾಗುತ್ತದೆ. ಓಡಲು ಸ್ನಾಯುವಿಗೆ ರಕ್ತ ಬೇಕು, ಶಾಖ ಹೊರಹಾಕಲು ಚರ್ಮಕ್ಕೂ ರಕ್ತ ಬೇಕು. ಬೆವರಿನಿಂದ ರಕ್ತದ ನೀರಿನಂಶ ಕುಗ್ಗಿದಂತೆ ಒಂದೊಂದು ಬಡಿತಕ್ಕೆ ಹೊಮ್ಮುವ ರಕ್ತ ಕಡಿಮೆಯಾಗುತ್ತದೆ, ಬಡಿತದ ವೇಗ ಏರುತ್ತದೆ. ಮೊದಲು ಸ್ನಾಯು ಹಿಡಿದುಕೊಳ್ಳುತ್ತದೆ. ಆಮೇಲೆ ತಲೆಸುತ್ತು, ವಾಕರಿಕೆ, ಸುಸ್ತು. ಒಳಮೈ ತಾಪ 40 ಡಿಗ್ರಿ ದಾಟಿ, ಮಾತು ತೊದಲಿ, ಎಲ್ಲಿದ್ದೇನೆಂಬ ಅರಿವು ತಪ್ಪಿದರೆ ಅದು ಉಷ್ಣಾಘಾತ. ಅಲ್ಲಿಂದ ಮುಂದೆ ಮಿದುಳು, ಮೂತ್ರಪಿಂಡ, ಯಕೃತ್ತು ಎಲ್ಲಕ್ಕೂ ಅಪಾಯ.

ದೇಹ ಸೆಕೆಗೆ ಒಗ್ಗಿಕೊಳ್ಳಬಲ್ಲದು ಎಂಬುದೂ ನಿಜ. ಹತ್ತರಿಂದ ಹದಿನಾಲ್ಕು ದಿನ ಬಿಸಿಲಿನಲ್ಲಿ ಹದವಾಗಿ ಅಭ್ಯಾಸ ಮಾಡಿದರೆ ಬೆವರು ಬೇಗ ಮೂಡುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ. ಆದರೆ ಲೀಗ್, ಕಪ್, ರಾಷ್ಟ್ರೀಯ ತಂಡ ಎಂದು ವರ್ಷವಿಡೀ ವಿಮಾನದಲ್ಲೇ ಇರುವ ಆಟಗಾರನಿಗೆ ಆ ಎರಡು ವಾರಗಳ ಬಿಡುವು ಕೊಡುವವರು ಯಾರು?

ಮೂರು ಥರ್ಮಾಮೀಟರ್, ಒಂದು ಅಂಕಿ

ಮೊಬೈಲ್ ಪರದೆಯಲ್ಲಿ ಕಾಣುವ ತಾಪಮಾನ ನೆರಳಿನ ಗಾಳಿಯದು. ಆಟಗಾರನ ಮೈಗೆ ತಟ್ಟುವ ಸೆಕೆ ಬೇರೆ. ಅದನ್ನು ಅಳೆಯಲು ಕ್ರೀಡಾ ವೈದ್ಯರು, ಸೇನೆಯವರು, ಕಾರ್ಖಾನೆಯವರು ಬಳಸುವ ಸೂಚ್ಯಂಕವೊಂದಿದೆ: ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್, ಚಿಕ್ಕದಾಗಿ ಡಬ್ಲ್ಯುಬಿಜಿಟಿ. ಉಪಕರಣ ಸರಳ. ಒಂದು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಬೆವರು ಎಷ್ಟು ಆರಬಲ್ಲದು ಎಂಬುದನ್ನು ಅದು ಹೇಳುತ್ತದೆ. ಇನ್ನೊಂದು ಕಪ್ಪು ಬಳಿದ ತಾಮ್ರದ ಗೋಳದೊಳಗಿರುತ್ತದೆ. ಬಿಸಿಲಿನ ಝಳ ಹೇಳುವುದು ಅದು. ಮೂರನೆಯದು ಮಾಮೂಲಿ ಒಣ ಥರ್ಮಾಮೀಟರ್. ಒದ್ದೆಯದಕ್ಕೆ ನೂರಕ್ಕೆ 70, ಗೋಳಕ್ಕೆ 20, ಒಣದಕ್ಕೆ 10 ಪಾಲು ಕೊಟ್ಟು ಕೂಡಿದರೆ ಅಂಕಿ ಸಿದ್ಧ.

ಲೆಕ್ಕವೊಂದನ್ನು ಹಾಕಿ ನೋಡೋಣ. ಒಣ ಸೀಮೆಯ ಊರಿನಲ್ಲಿ ಗಾಳಿ 40 ಡಿಗ್ರಿ, ಒದ್ದೆ ಬತ್ತಿ 22, ಕಪ್ಪು ಗೋಳ 52 ಎಂದುಕೊಳ್ಳಿ. ಸೂಚ್ಯಂಕ 29.8. ಕರಾವಳಿಯ ಊರಿನಲ್ಲಿ ಗಾಳಿ ಬರೀ 33, ಆದರೆ ಒದ್ದೆ ಬತ್ತಿ 28.5, ಗೋಳ 45. ಸೂಚ್ಯಂಕ 32.25. ಸುದ್ದಿಯಲ್ಲಿ ದೊಡ್ಡಕ್ಷರದಲ್ಲಿ ಬರುವುದು ಮೊದಲನೆಯ ಊರು, ಆಟಗಾರ ಕುಸಿಯುವ ಸಂಭವ ಹೆಚ್ಚಿರುವುದು ಎರಡನೆಯದರಲ್ಲಿ.

ಜಗಳ ಇರುವುದು ಈ ಅಂಕಿ ಎಲ್ಲಿಗೆ ಬಂದಾಗ ಏನು ಮಾಡಬೇಕು ಎಂಬುದರಲ್ಲಿ. ಫಿಫಾ ಬಹುಕಾಲ ಇಟ್ಟುಕೊಂಡ ಗೆರೆ 32. ಅದನ್ನು ದಾಟಿದರೆ ಮೂವತ್ತನೆಯ ಮತ್ತು ಎಪ್ಪತ್ತೈದನೆಯ ನಿಮಿಷದ ಸುಮಾರಿಗೆ ಮೂರು ಮೂರು ನಿಮಿಷ ತಣಿಯುವ ವಿರಾಮ. ಆಟಗಾರರ ಜಾಗತಿಕ ಸಂಘ ಫಿಫ್‌ಪ್ರೊ ಇದನ್ನು ಒಪ್ಪುವುದಿಲ್ಲ. 28 ದಾಟಿದರೆ ಪಂದ್ಯವನ್ನೇ ತಡಮಾಡಬೇಕು ಇಲ್ಲವೇ ಮುಂದೂಡಬೇಕು ಎಂಬುದು ಅದರ ಇತ್ತೀಚಿನ ನಿಲುವು. ನಡುವಿನ ಅಂತರ ನಾಲ್ಕೇ ಡಿಗ್ರಿಯಂತೆ ಕಂಡರೂ ಈ ಸೂಚ್ಯಂಕದಲ್ಲಿ ಅದು ಬಹಳ ದೊಡ್ಡದು. ಒಬ್ಬರ ಪ್ರಕಾರ ಆಟ ನಿಲ್ಲಿಸಬೇಕಾದ ಹಂತದಲ್ಲಿ ಇನ್ನೊಬ್ಬರ ನಿಯಮದಂತೆ ನೀರಿನ ವಿರಾಮವೂ ಕಡ್ಡಾಯವಲ್ಲ.

ಕುಗ್ಗುವ ಓಟ, ಹೆಚ್ಚುವ ಪಾಸು

ಸೆಕೆಯಲ್ಲಿ ಆಟಗಾರರು ನಿಧಾನವಾಗುತ್ತಾರೆ ಎಂಬುದು ಹೇಳಬೇಕಾದ ಮಾತಲ್ಲ. ಎಷ್ಟು, ಹೇಗೆ ಎಂಬುದು ಸ್ವಾರಸ್ಯಕರ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ಗುಂಪಿನ ನುರಿತ ಆಟಗಾರರನ್ನು ಒಮ್ಮೆ 21 ಡಿಗ್ರಿಯಲ್ಲಿ, ಒಮ್ಮೆ 43 ಡಿಗ್ರಿಯಲ್ಲಿ ಆಡಿಸಿ ನೋಡಿದರು. ಬಿಸಿ ಪಂದ್ಯದಲ್ಲಿ ಒಟ್ಟು ಓಟ ನೂರಕ್ಕೆ 7ರಷ್ಟು ಇಳಿಯಿತು. ವೇಗದ ಓಟ ಮಾತ್ರ 26ರಷ್ಟು ಕುಸಿಯಿತು. ಆದರೆ ಗುರಿ ತಲುಪಿದ ಪಾಸ್‌ಗಳ ಪ್ರಮಾಣ ಏರಿತು. 2014ರ ಬ್ರೆಜಿಲ್ ವಿಶ್ವಕಪ್‌ನ ಪಂದ್ಯಗಳನ್ನು ಜಾಲಾಡಿದ ಇನ್ನೊಂದು ಅಧ್ಯಯನಕ್ಕೂ ಹೀಗೇ ಕಂಡಿತು: ಸೆಕೆ ಹೆಚ್ಚಿದ್ದಲ್ಲಿ ಸ್ಪ್ರಿಂಟ್ ಕಡಿಮೆ, ಸರಿಯಾದ ಪಾಸ್ ಹೆಚ್ಚು.

ಅನುಭವಿ ಆಟಗಾರ ದಣಿವನ್ನು ಮೊದಲೇ ಅಂದಾಜು ಮಾಡಿ ದಮ್ಮು ಉಳಿಸುತ್ತಾನೆ. ಚೆಂಡಿಗೆ ಮುಗಿಬೀಳುವುದಿಲ್ಲ, ಎದುರಾಳಿಯ ಮೇಲೆ ಏರಿಹೋಗುವುದಿಲ್ಲ. ಒತ್ತಡ ಹಾಕುವವರಿಲ್ಲದಿದ್ದರೆ ಪಾಸ್ ಸಲೀಸು. ಅಂಕಿಗಳಲ್ಲಿ ಅಚ್ಚುಕಟ್ಟಾಗಿ ಕಾಣುವ ಆಟ, ನೋಡುವವರ ಕಣ್ಣಿಗೆ ಚೆಂಡನ್ನು ಅತ್ತಿಂದಿತ್ತ ಉರುಳಿಸುವ ಕಾಲಹರಣ. ಮೈದಾನವಿಡೀ ಓಡಿ ಒತ್ತಡ ಹೇರುವ ಶೈಲಿಯ ತಂಡಗಳಿಗೆ ಬಿಸಿಲು ದೊಡ್ಡ ಪೆಟ್ಟು. ಚೆಂಡು ಕಾಲಲ್ಲಿಟ್ಟುಕೊಂಡು ಎದುರಾಳಿಯನ್ನು ಓಡಿಸುವವರಿಗೆ ಅದೇ ವರ.

ಬಿಸಿಲಿನ ವಿರಾಮವೂ ಆಟದ ಗತಿಯನ್ನು ತಿರುಗಿಸಬಲ್ಲದು. 2014ರ ಜೂನ್ 29ರಂದು ಫೋರ್ಟಲೇಝಾದಲ್ಲಿ ನೆದರ್ಲೆಂಡ್ಸ್ ತಂಡ ಮೆಕ್ಸಿಕೊ ಎದುರು ಒಂದು ಗೋಲಿನಿಂದ ಹಿಂದಿತ್ತು. ಎರಡನೆಯ ಅವಧಿಯ ನೀರಿನ ವಿರಾಮದಲ್ಲಿ ಕೋಚ್ ಲೂಯಿ ವಾನ್ ಹಾಲ್ ತಂಡದ ವ್ಯೂಹವನ್ನೇ ಬದಲಿಸಿದರು. ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಬಂದವು, ನೆದರ್ಲೆಂಡ್ಸ್ ಗೆದ್ದಿತು. ಆ ವಿರಾಮವನ್ನು ಬಳಸಿಕೊಂಡದ್ದನ್ನು ವಾನ್ ಹಾಲ್ ಮುಚ್ಚಿಡಲಿಲ್ಲ. ಬ್ರೆಜಿಲಿನಲ್ಲಿ ಈ ವಿರಾಮಗಳು ಬರೀ ಫಿಫಾದ ಔದಾರ್ಯದಿಂದ ಬಂದವಲ್ಲ. 32 ದಾಟಿದರೆ ವಿರಾಮ ಕೊಡಲೇಬೇಕೆಂದು ಅಲ್ಲಿನ ಕಾರ್ಮಿಕ ನ್ಯಾಯಾಲಯ ಟೂರ್ನಿಯ ನಡುವೆಯೇ ಆದೇಶಿಸಿತ್ತು. ಕೋಟಿಗಟ್ಟಲೆ ದುಡಿಯುವ ತಾರೆಯನ್ನೂ ಬಿಸಿಲಿನಲ್ಲಿ ಕೂಲಿ ಮಾಡುವವನನ್ನೂ ಒಂದೇ ಕಾನೂನಿನಡಿ ತಂದ ತೀರ್ಪು ಅದು.

ಗಡಿಯಾರ ಯಾರ ಕೈಯಲ್ಲಿ

ಇಷ್ಟೆಲ್ಲ ಗೊತ್ತಿದ್ದೂ ನಡುಮಧ್ಯಾಹ್ನ ಆಡಿಸುವುದೇಕೆ? ಉತ್ತರ ಹಳೆಯದು. 1970 ಮತ್ತು 1986ರ ಮೆಕ್ಸಿಕೊ ವಿಶ್ವಕಪ್‌ಗಳ ಫೈನಲ್‌ಗಳು ಅಲ್ಲಿನ ಸಮಯ ಹನ್ನೆರಡಕ್ಕೆ ಶುರುವಾದವು. 1994ರಲ್ಲಿ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಬ್ರೆಜಿಲ್ ಮತ್ತು ಇಟಲಿ ಫೈನಲ್ ಆಡಿದ್ದು ಜುಲೈ ತಿಂಗಳ ಹನ್ನೆರಡೂವರೆಯ ಬಿಸಿಲಿನಲ್ಲಿ. 120 ನಿಮಿಷ ಒಂದೂ ಗೋಲಿಲ್ಲದೆ ಅದು ಪೆನಾಲ್ಟಿಗೆ ಹೋಯಿತು. ಕ್ಯಾಲಿಫೋರ್ನಿಯಾದ ಹನ್ನೆರಡೂವರೆ ಎಂದರೆ ರೋಮ್, ಪ್ಯಾರಿಸ್‌ಗಳಲ್ಲಿ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಟಿವಿ ಮುಂದೆ ಕೂರುವ ಹೊತ್ತು. ಯುರೋಪಿನ ಪ್ರಸಾರ ಹಕ್ಕಿನ ಹಣ ಆಟದ ಗಂಟೆಯನ್ನು ನಿಗದಿ ಮಾಡಿತ್ತು.

ಅದೇ ಟೂರ್ನಿಯಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಐರ್ಲೆಂಡ್ ಮೆಕ್ಸಿಕೊವನ್ನು ಎದುರಿಸಿದ ಪಂದ್ಯವನ್ನು ಐರಿಷ್ ಜನ ಇಂದಿಗೂ ಮರೆತಿಲ್ಲ. ರಾಷ್ಟ್ರಗೀತೆಯ ಹೊತ್ತಿನಲ್ಲಿ ಬಿಳಿಚರ್ಮದ ಸ್ಟೀವ್ ಸ್ಟಾಂಟನ್ ತಲೆಗೆ ಟೋಪಿ ಹಾಕಿಕೊಂಡೇ ನಿಂತಿದ್ದರು. ಆಟದ ನಡುವೆ ನೀರು ಕೊಡುವುದಕ್ಕೂ ಆಗ ಕಟ್ಟುನಿಟ್ಟು. ಕೋಚ್ ಜ್ಯಾಕ್ ಚಾರ್ಲ್‌ಟನ್ ಗೆರೆಯಾಚೆಯಿಂದ ನೀರು ಎಸೆಸುತ್ತ, ಅಧಿಕಾರಿಗಳೊಡನೆ ಕಾದಾಡುತ್ತ ನಿಂತರು. ಬದಲಿ ಆಟಗಾರ ಜಾನ್ ಆಲ್‌ಡ್ರಿಜ್‌ರನ್ನು ಒಳಗೆ ಬಿಡಲು ತಡಮಾಡಿದಾಗ ಅವರ ಬಾಯಿಂದ ಬಂದ ಬೈಗುಳ ನೇರ ಪ್ರಸಾರದಲ್ಲಿ ಜಗತ್ತಿಗೇ ಕೇಳಿಸಿತು. ಫಿಫಾ ಇಬ್ಬರಿಗೂ ದಂಡ ಹಾಕಿತು, ಚಾರ್ಲ್‌ಟನ್ ಮುಂದಿನ ಪಂದ್ಯಕ್ಕೆ ಬೆಂಚಿನ ಮೇಲೆ ಕೂರದಂತಾಯಿತು. ನೀರು ಕೇಳಿದವರು ತಪ್ಪಿತಸ್ಥರಾದರು. ಆ ಗಂಟೆಗೆ ಆಟ ಇಟ್ಟವರನ್ನು ಯಾರೂ ಕೇಳಲಿಲ್ಲ.

ಮೂರು ದಶಕ ಕಳೆದು 2025ರ ಬೇಸಿಗೆಯಲ್ಲಿ ಅದೇ ಅಮೆರಿಕದಲ್ಲಿ ಕ್ಲಬ್ ವಿಶ್ವಕಪ್ ನಡೆಯಿತು. ಸಿನ್ಸಿನಾಟಿಯಲ್ಲಿ ಡಾರ್ಟ್‌ಮುಂಡ್ ತಂಡದ ಬದಲಿ ಆಟಗಾರರು ಮೊದಲ ಅವಧಿಯನ್ನು ಬೆಂಚಿನಲ್ಲಿ ಕೂತು ನೋಡಲಿಲ್ಲ, ಡ್ರೆಸ್ಸಿಂಗ್ ರೂಮಿನ ಟಿವಿಯಲ್ಲಿ ನೋಡಿದರು. ಅಟ್ಲೆಟಿಕೊ ಮ್ಯಾಡ್ರಿಡ್‌ನ ಮಾರ್ಕೋಸ್ ಲೊರೆಂಟೆ ರೋಸ್ ಬೌಲ್‌ನ ನಡುಮಧ್ಯಾಹ್ನದ ಆಟ ಮುಗಿಸಿ ಕಾಲುಗುರುಗಳೇ ನೋಯುತ್ತಿದ್ದವು ಎಂದರು. ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾದ ಸೆಮಿಫೈನಲ್‌ನಲ್ಲಿ ಚೆಲ್ಸಿಯ ಎಂಜೊ ಫೆರ್ನಾಂಡಿಸ್‌ಗೆ ತಲೆಸುತ್ತು ಬಂದು ನೆಲದ ಮೇಲೆ ಮಲಗಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು ಕೋಪಾ ಅಮೆರಿಕಾದಲ್ಲಿ, ಕನ್ಸಾಸ್ ಸಿಟಿಯ ಪೆರು-ಕೆನಡಾ ಪಂದ್ಯದಲ್ಲಿ ಸಹಾಯಕ ರೆಫರಿಯೊಬ್ಬರು ಗೆರೆಯ ಪಕ್ಕದಲ್ಲೇ ಕುಸಿದಿದ್ದರು. ಮೊದಲು ಗಮನಿಸಿ ಕೂಗಿದವರು ಕೆನಡಾದ ಗೋಲ್‌ಕೀಪರ್. ರೆಫರಿಗಳಿಗೆ ಬದಲಿ ಸಿಗುವುದು ಮುಂದುವರಿಯಲಾಗದ ಸ್ಥಿತಿ ಬಂದಾಗ ಮಾತ್ರ ಎಂಬುದನ್ನು ಇಲ್ಲಿ ನೆನೆಯಬೇಕು. ಆಟಗಾರ ಸುಸ್ತಾದರೆ ಕೈಯೆತ್ತಿ ಹೊರಬರಬಹುದು. ಗೆರೆಗುಂಟ ಓಡುವವರು ಅಲ್ಲಿಯವರೆಗೂ ಓಡಲೇಬೇಕು.

ಗಡಿಯಾರ ಬದಲಿಸಲಾಗದ್ದೇನೂ ಅಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಫುಟ್‌ಬಾಲ್ ಫೈನಲ್ 2021ರ ಆಗಸ್ಟ್ 6ರಂದು ಬೆಳಿಗ್ಗೆ ಹನ್ನೊಂದಕ್ಕೆ ನಿಗದಿಯಾಗಿತ್ತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಅದು ಹಿಂದಿನ ರಾತ್ರಿ ಹತ್ತು ಗಂಟೆ. ಕೆನಡಾ, ಸ್ವೀಡನ್ ಎರಡೂ ತಂಡಗಳು ಆಗದು ಎಂದವು. ಪಂದ್ಯ ಟೋಕಿಯೊ ಬಿಟ್ಟು ಯೊಕೊಹಾಮಾಕ್ಕೆ, ಬೆಳಿಗ್ಗೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಹೋಯಿತು. ಒಂದೇ ದಿನದ ಮುನ್ಸೂಚನೆಯಲ್ಲಿ ಒಲಿಂಪಿಕ್ ಫೈನಲ್‌ನ ಊರೂ ಹೊತ್ತೂ ಬದಲಾಗಬಹುದಾದರೆ ಉಳಿದ ಪಂದ್ಯಗಳದ್ದೇಕೆ ಆಗದು?

ಗ್ಯಾಲರಿಯ ಲೆಕ್ಕ ಬೇರೆ

ಆಟಗಾರನ ಸುತ್ತ ವೈದ್ಯರು, ಫಿಸಿಯೊಗಳು, ಐಸ್ ಪೆಟ್ಟಿಗೆಗಳು ಇರುತ್ತವೆ. ಆತ ಇಪ್ಪತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ದೇಹದವನು. ಪ್ರೇಕ್ಷಕರಲ್ಲಿ ಅರವತ್ತು ದಾಟಿದವರಿದ್ದಾರೆ, ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರಿದ್ದಾರೆ. ಮೂತ್ರ ಹೆಚ್ಚಿಸುವ ಮಾತ್ರೆ ಮೈಯ ನೀರನ್ನು ಇಳಿಸುತ್ತದೆ. ಹೃದಯ ಬಡಿತ ತಗ್ಗಿಸುವ ಮಾತ್ರೆ ಸೆಕೆಗೆ ದೇಹ ಸ್ಪಂದಿಸುವುದನ್ನು ತಡೆಯುತ್ತದೆ. ಜೊತೆಗೆ ಬಿಯರ್. ಆಟಗಾರನಿಗೆ ತಗಲುವ ಉಷ್ಣಾಘಾತ ದೇಹ ತಾನೇ ಹುಟ್ಟಿಸಿದ ಶಾಖದ್ದು, ಬಿರುಸಾಗಿ ಬರುತ್ತದೆ. ಪ್ರೇಕ್ಷಕನದು ಹೊರಗಿನ ಶಾಖವನ್ನು ಗಂಟೆಗಟ್ಟಲೆ ಹೀರಿ ಬರುವಂಥದು, ಸದ್ದಿಲ್ಲದೆ ಏರುತ್ತದೆ.

ಪ್ರೇಕ್ಷಕನ ಪಂದ್ಯ 90 ನಿಮಿಷದ್ದೂ ಅಲ್ಲ. ಪಾರ್ಕಿಂಗ್‌ನ ಕಾದ ಡಾಂಬರು, ಭದ್ರತಾ ತಪಾಸಣೆಯ ಸರದಿ, ಗೇಟು ತೆರೆಯುವುದಕ್ಕೆ ಕಾಯುವುದು, ಆಮೇಲೆ ಕಾಂಕ್ರೀಟ್ ಮೆಟ್ಟಿಲಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುವುದು, ಮುಗಿದ ಮೇಲೆ ಬಸ್ಸಿಗೋ ರೈಲಿಗೋ ಮತ್ತೆ ಸರದಿ. ಎಲ್ಲ ಸೇರಿ ಐದಾರು ಗಂಟೆ ಸುಲಭವಾಗಿ ಆಗುತ್ತದೆ. ಬಟ್ಟಲಿನಾಕಾರದ ಕ್ರೀಡಾಂಗಣದಲ್ಲಿ ಗಾಳಿ ಆಡುವುದಿಲ್ಲ. ನೆರಳಿನ ಸೀಟಿಗೆ ದರ ಹೆಚ್ಚು. ಅಗ್ಗದ ಟಿಕೆಟ್ಟಿನವನ ನೆತ್ತಿಯ ಮೇಲೆ ಸೂರಿರುವುದಿಲ್ಲ.

ಇವೆಲ್ಲದರ ಮೇಲೆ ನೀರಿನ ಬಾಟಲಿಗೆ ಗೇಟಿನಲ್ಲೇ ತಡೆ. ಎಸೆಯುತ್ತಾರೆ ಎಂಬುದು ಭದ್ರತೆಯವರ ವಾದ, ಒಳಗೆ ಮಾರಾಟ ಇದೆಯಲ್ಲ ಎಂಬುದು ಹೇಳದೆ ಬಿಟ್ಟ ಕಾರಣ. ಇದರ ಬೆಲೆ ಎಷ್ಟೆಂದು ರಿಯೊ ಡಿ ಜನೈರೊ ಕಂಡಿದೆ. 2023ರ ನವೆಂಬರ್ 17ರಂದು ಅಲ್ಲಿನ ಬೊಟಫೊಗೊ ಕ್ಲಬ್ಬಿನ ತವರು ಮೈದಾನ ನಿಲ್ಟನ್ ಸ್ಯಾಂಟೋಸ್ ಕ್ರೀಡಾಂಗಣದಲ್ಲಿ ನಡೆದ ಸಂಗೀತ ಕಾರ್ಯಕ್ರಮದಲ್ಲಿ ಇಪ್ಪತ್ಮೂರರ ಹರೆಯದ ಅಭಿಮಾನಿಯೊಬ್ಬಳು ಕುಸಿದು ಸತ್ತಳು. ಹೊರಗಿನ ನೀರಿಗೆ ಅಂದು ನಿರ್ಬಂಧವಿತ್ತು. ಮರುದಿನವೇ ಸರ್ಕಾರ ಇಂಥ ಕಾರ್ಯಕ್ರಮಗಳಿಗೆ ನೀರಿನ ಬಾಟಲಿ ತರಲು ಬಿಡಬೇಕು, ಒಳಗೆ ಪುಕ್ಕಟೆ ನೀರು ಸಿಗಬೇಕು ಎಂದಿತು. ಅದೇ ವರ್ಷ ಏಪ್ರಿಲ್‌ನಲ್ಲಿ ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಸಮಾರಂಭಕ್ಕೆ ಬಂದ ಜನರಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಬಿಸಿಲಿಗೆ ಬಲಿಯಾದರು. ಎರಡೂ ಫುಟ್‌ಬಾಲ್ ಪಂದ್ಯಗಳಲ್ಲ. ಆದರೆ ದೊಡ್ಡ ಜನಜಂಗುಳಿ, ತಪ್ಪು ಹೊತ್ತು, ನೀರು-ನೆರಳಿನ ಕೊರತೆ ಎಂಬ ಸೂತ್ರ ಎಲ್ಲೆಡೆ ಒಂದೇ.

ಟಿಕೆಟ್ ಕೊಳ್ಳದೆ ಒಳಗಿರುವವರೂ ಇದ್ದಾರೆ: ಕಾವಲುಗಾರರು, ಚೆಂಡು ಹೆಕ್ಕುವ ಹುಡುಗರು, ತಲೆಯ ಮೇಲೆ ತಟ್ಟೆ ಹೊತ್ತು ಮಾರುವವರು, ಕ್ಯಾಮೆರಾ ಹಿಡಿದವರು. ಪಂದ್ಯ ಶುರುವಾಗುವ ಎಷ್ಟೋ ಹೊತ್ತು ಮೊದಲೇ ಬಂದು, ಮುಗಿದ ಮೇಲೂ ಉಳಿಯುವವರು ಇವರು. ಯಾವ ನಿಯಮಾವಳಿಯೂ ಇವರಿಗಾಗಿ ವಿರಾಮದ ಸೀಟಿ ಊದುವುದಿಲ್ಲ.

ಪರಿಹಾರಗಳ ಪಟ್ಟಿ

ಮೊದಲನೆಯದು ವಿರಾಮ. 2026ರ ವಿಶ್ವಕಪ್‌ನ 104 ಪಂದ್ಯಗಳಲ್ಲೂ ಹವಾಮಾನ ಹೇಗೇ ಇರಲಿ, ಪ್ರತಿ ಅವಧಿಯ ನಡುವೆ ಮೂರು ನಿಮಿಷದ ನೀರಿನ ವಿರಾಮ ಎಂದು ಫಿಫಾ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಎಲ್ಲ ತಂಡಗಳಿಗೂ ಒಂದೇ ನಿಯಮ ಎಂಬುದು ಒಳ್ಳೆಯದೇ. ಆಟವನ್ನು ನಾಲ್ಕು ತುಂಡು ಮಾಡಿದಂತಾಯಿತು ಎಂಬ ಗೊಣಗಾಟವೂ ಇದೆ. ಮೂರು ನಿಮಿಷದಲ್ಲಿ ಬಾಯಾರಿಕೆ ತಣಿಯುತ್ತದೆ, ಕುತ್ತಿಗೆಗೆ ಐಸ್ ಟವೆಲ್ ಸುತ್ತಿಕೊಳ್ಳಬಹುದು. 39 ದಾಟಿದ ಒಳಮೈ ತಾಪ ಅಷ್ಟರಲ್ಲಿ ಹೇಳಿಕೊಳ್ಳುವಷ್ಟು ಇಳಿಯದು. ಮಧ್ಯಂತರವನ್ನು ಹದಿನೈದರಿಂದ ಇಪ್ಪತ್ತು ನಿಮಿಷಕ್ಕೆ ಏರಿಸಿ ಎಂಬ ಫಿಫ್‌ಪ್ರೊ ಸಲಹೆಗೆ ಹೆಚ್ಚು ತೂಕವಿದೆ.

ಎರಡನೆಯದು ಹವಾನಿಯಂತ್ರಣ. ಅಟ್ಲಾಂಟಾ, ಡಲ್ಲಾಸ್, ಹ್ಯೂಸ್ಟನ್‌ಗಳ ಕ್ರೀಡಾಂಗಣಗಳಿಗೆ ಛಾವಣಿಯೂ ಎಸಿಯೂ ಇವೆ. ಮಯಾಮಿಯಲ್ಲಿ ಪ್ರೇಕ್ಷಕರ ಮೇಲೆ ಚಪ್ಪರವಿದೆ, ಆಟಗಾರರ ಮೇಲಿಲ್ಲ. ಕನ್ಸಾಸ್ ಸಿಟಿ, ಫಿಲಡೆಲ್ಫಿಯಾ, ಫೈನಲ್ ನಿಗದಿಯಾದ ನ್ಯೂಜೆರ್ಸಿಯ ಮೈದಾನ ಎಲ್ಲವೂ ಬಯಲು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಶ್ವಕಪ್‌ನ ಹದಿನಾರು ಮೈದಾನಗಳಲ್ಲಿ ಹತ್ತಕ್ಕೆ ಅತಿತೀವ್ರ ಸೆಕೆಯ ದೊಡ್ಡ ಅಪಾಯವಿದೆ ಎಂದಿತ್ತು. ಕತಾರ್ 2022ರ ಟೂರ್ನಿಗೆ ಎಂಟರಲ್ಲಿ ಏಳು ಕ್ರೀಡಾಂಗಣಗಳಿಗೆ ತಂಪುಗಾಳಿ ಊಡಿಸಿತು. ಸೀಟುಗಳಡಿಯಿಂದಲೂ ಮೈದಾನದ ಅಂಚಿನಿಂದಲೂ ಅದು ಹೊಮ್ಮುತ್ತಿತ್ತು. ಹಣವಿದ್ದರೆ ಏನನ್ನೂ ಕಟ್ಟಬಹುದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಅದನ್ನು ಕಟ್ಟಿದ ಕೂಲಿಗಳು ಬೆಂದದ್ದು ತೆರೆದ ಬಿಸಿಲಿನಲ್ಲಿ, ಅವರಲ್ಲಿ ಭಾರತೀಯರೂ ಬಹಳ ಮಂದಿ. ಜೂನ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಹೊರಗೆ ದುಡಿಸಬಾರದು, ಡಬ್ಲ್ಯುಬಿಜಿಟಿ 32.1 ದಾಟಿದರೆ ಯಾವ ಹೊತ್ತಿನಲ್ಲೂ ಕೆಲಸ ನಿಲ್ಲಬೇಕು ಎಂಬ ನಿಯಮ ಬಂದದ್ದು 2021ರಲ್ಲಿ, ಆ ಹೊತ್ತಿಗೆ ಕ್ರೀಡಾಂಗಣಗಳು ಬಹುಪಾಲು ಮುಗಿದಿದ್ದವು.

ಮೂರನೆಯದು ತಿಂಗಳನ್ನೇ ಬದಲಿಸುವುದು. ಅಷ್ಟು ಎಸಿ ಹಾಕಿಯೂ ಕತಾರ್ ವಿಶ್ವಕಪ್ ನಡೆದದ್ದು ನವೆಂಬರ್-ಡಿಸೆಂಬರ್‌ನಲ್ಲಿ. ಯುರೋಪಿನ ಲೀಗ್‌ಗಳು ಗೊಣಗಿದವು, ಆದರೂ ಜಾಗ ಬಿಟ್ಟವು. ಜಪಾನಿನ ಜೆ-ಲೀಗ್ 2026ರಿಂದ ತನ್ನ ಋತುವನ್ನು ಆಗಸ್ಟ್‌ನಲ್ಲಿ ಆರಂಭಿಸಿ ಮುಂದಿನ ಬೇಸಿಗೆಯ ಹೊಸ್ತಿಲಲ್ಲಿ ಮುಗಿಸಲು ನಿರ್ಧರಿಸಿದ್ದಕ್ಕೆ ಸೆಕೆಯೂ ಒಂದು ಕಾರಣ. 2034ರ ವಿಶ್ವಕಪ್ ಸೌದಿ ಅರೇಬಿಯಾದ ಪಾಲಾಗಿದೆ. ಅಲ್ಲಿಯೂ ಬೇಸಿಗೆ ಆಟದ ಕಾಲವಲ್ಲ.

ನಾಲ್ಕನೆಯದು ರಾತ್ರಿಯ ಆಟ. ಅಗ್ಗದ, ಸುಲಭದ ಉಪಾಯ. ಆದರೂ ಎಲ್ಲ ಊರಿಗೂ ಅದು ಸಾಲದು. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್‌ನ ಮಹಿಳಾ ಮ್ಯಾರಥಾನ್ ನಡುರಾತ್ರಿ ಓಡಿಸಿದರೂ 68 ಮಂದಿಯಲ್ಲಿ ಗುರಿ ಮುಟ್ಟಿದವರು 40. ಸೂರ್ಯ ಇರಲಿಲ್ಲ, ಗಾಳಿಯ ತೇವ ಇತ್ತು. ಒದ್ದೆ ಬತ್ತಿಗೆ ನೂರಕ್ಕೆ 70 ಪಾಲು ಕೊಟ್ಟದ್ದು ಸುಮ್ಮನೆ ಅಲ್ಲ.

ಮೊದಲು ತಣಿಸಿ, ಆಮೇಲೆ ಸಾಗಿಸಿ

ಎಲ್ಲ ಎಚ್ಚರದ ನಂತರವೂ ಯಾರೋ ಒಬ್ಬರು ಕುಸಿಯುತ್ತಾರೆ. ಆಗ ಏನು ಮಾಡಬೇಕೆಂಬುದನ್ನು ಕಲಿಸಿದ್ದು ಇನ್ನೊಂದು ಬಗೆಯ ಫುಟ್‌ಬಾಲ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಲ್ಮೆಟ್, ಪ್ಯಾಡುಗಳ ಭಾರದಡಿ ಆಗಸ್ಟ್‌ನ ಅಭ್ಯಾಸ ಶಿಬಿರಗಳಲ್ಲಿ ಹುಡುಗರು ಸಾಯುವುದು ಹೊಸದಲ್ಲ. 2001ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಹೀಗೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಂಸ್ಥೆಯೇ ಹುಟ್ಟಿತು. ಅದು ಸಾರುತ್ತಿರುವ ಪಾಠ ಇಷ್ಟೆ: ಆಸ್ಪತ್ರೆಗೆ ಸಾಗಿಸುವ ಮೊದಲು ಅಲ್ಲಿಯೇ ತಣಿಸಿ. ಕತ್ತಿನವರೆಗೆ ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೊದಲ ಅರ್ಧ ಗಂಟೆಯೊಳಗೆ ತಾಪ 39ಕ್ಕಿಂತ ಕೆಳಗಿಳಿಯಬೇಕು. ಮ್ಯಾಸಚೂಸೆಟ್ಸ್‌ನ ಫಾಲ್ಮತ್ ಓಟದಲ್ಲಿ ಹದಿನೆಂಟು ವರ್ಷಗಳಲ್ಲಿ ಉಷ್ಣಾಘಾತಕ್ಕೊಳಗಾದ 274 ಮಂದಿಗೆ ಹೀಗೆ ಮಾಡಿದರು, ಒಬ್ಬರೂ ಸಾಯಲಿಲ್ಲ. ಬೇಕಾದದ್ದು ಪ್ಲಾಸ್ಟಿಕ್ ತೊಟ್ಟಿ, ಐಸ್, ನೀರು ಮತ್ತು ಏನು ಮಾಡಬೇಕೆಂದು ತಿಳಿದ ಒಬ್ಬ ಮನುಷ್ಯ. ಅರಿವು ತಪ್ಪಿದವರ ಬಾಯಿಗೆ ನೀರು ಹಾಕುವುದು ಮಾತ್ರ ಕೂಡದು.

ನಮ್ಮ ಮೈದಾನಗಳಲ್ಲಿ

ಬೆಂಗಳೂರಿನ ಹವೆ ತಂಪು ಎಂಬ ಹೆಮ್ಮೆ ಸಡಿಲಾಗುತ್ತಿದೆ. 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಮುಟ್ಟಿತು, 2024ರ ಏಪ್ರಿಲ್‌ನಲ್ಲಿ 38.5. ನಗರದ ಗಲ್ಲಿಗಲ್ಲಿಗಳಲ್ಲಿ ಬಾಡಿಗೆಯ ಟರ್ಫ್ ಮೈದಾನಗಳು ಎದ್ದಿವೆ. ಕೃತಕ ಹುಲ್ಲು ಮಧ್ಯಾಹ್ನದ ಬಿಸಿಲಿಗೆ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, 60 ಡಿಗ್ರಿ ದಾಟುವುದೂ ಇದೆ. ಬೇಸಿಗೆ ರಜೆಯ ಕೋಚಿಂಗ್ ಶಿಬಿರಗಳೂ ಶಾಲಾ ಮಕ್ಕಳ ಟೂರ್ನಿಗಳೂ ನಡೆಯುವುದು ಅದೇ ಏಪ್ರಿಲ್-ಮೇ ತಿಂಗಳಲ್ಲಿ, ಅದೇ ಹುಲ್ಲಿನ ಮೇಲೆ. 2012ರಲ್ಲಿ ಬೆಂಗಳೂರಿನ ಲೀಗ್ ಪಂದ್ಯವೊಂದರಲ್ಲಿ ಹೃದಯ ಸ್ತಂಭಿಸಿ ಕುಸಿದ ಯುವ ಆಟಗಾರನನ್ನು ಆಂಬುಲೆನ್ಸ್ ಇಲ್ಲದೆ ಆಟೊದಲ್ಲಿ ಸಾಗಿಸಬೇಕಾಯಿತು, ಆತ ಉಳಿಯಲಿಲ್ಲ. ಅದು ಬಿಸಿಲಿನ ಸಾವೆಂದು ಯಾರೂ ಹೇಳಿಲ್ಲ. ಆದರೆ ಮೈದಾನದ ಪಕ್ಕದಲ್ಲಿ ಏನಿರಬೇಕು ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ಹೊತ್ತು ಬದಲಿಸುವ ವಿವೇಕ ನಮಗೆ ಹೊರಗಿನಿಂದ ಬರಬೇಕಾದ್ದಲ್ಲ. ಕಲಬುರಗಿ ಸೀಮೆಯಲ್ಲಿ ಏಪ್ರಿಲ್-ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಕರಾವಳಿಯಲ್ಲಿ ಕಬಡ್ಡಿಯಿಂದ ಕ್ರಿಕೆಟ್‌ವರೆಗೆ ಹೊನಲು ಬೆಳಕಿನ ಪಂದ್ಯಾವಳಿಗಳು ದಶಕಗಳಿಂದ ನಡೆಯುತ್ತಿವೆ. ಪಕ್ಕದ ಕೇರಳದ ಮಲಪ್ಪುರಂನಲ್ಲಿ ಏಳೇಳು ಮಂದಿ ಆಡುವ ಸೆವೆನ್ಸ್ ಫುಟ್‌ಬಾಲಿಗೆ ಜನ ಕಿಕ್ಕಿರಿಯುವುದು ಸಂಜೆ ದೀಪ ಹೊತ್ತಿದ ಮೇಲೆ. ಯಾವ ಹೊತ್ತಿಗೆ ಮನುಷ್ಯ ಮೈಮುರಿಯಬಾರದು ಎಂಬುದನ್ನು ಇವರಿಗೆ ಸೂಚ್ಯಂಕ ಹೇಳಿಕೊಡಬೇಕಿಲ್ಲ. ದೊಡ್ಡ ಟೂರ್ನಿಗಳಲ್ಲಿ ಇಲ್ಲವಾಗಿರುವುದು ತಿಳಿವಳಿಕೆಯಲ್ಲ, ತಿಳಿದವರಿಗೆ ಅಧಿಕಾರ.

ಹಾಗಾಗಿ ಕೇಳಬೇಕಾದ್ದು ಇನ್ನಷ್ಟು ಐಸ್ ಟವೆಲ್‌ಗಳನ್ನಲ್ಲ. ಮೊದಲೇ ಗೊತ್ತಿರುವ ಒಂದು ಅಂಕಿ ಬೇಕು. ಅದನ್ನು ಆಟಗಾರರ ಸಂಘವೂ ಒಪ್ಪಿರಬೇಕು. ಅಂಕಿ ದಾಟಿದಾಗ ಪ್ರಸಾರಕರನ್ನು ಕೇಳದೆ ಪಂದ್ಯ ನಿಲ್ಲಿಸುವ ಹಕ್ಕು ಮೈದಾನದ ವೈದ್ಯರಿಗೆ ಇರಬೇಕು. ಟಿಕೆಟ್ಟಿನ ಜೊತೆ ಕುಡಿಯುವ ನೀರೂ ನೆರಳೂ ಸೇರಿರಬೇಕು, ಕಾವಲುಗಾರನಿಗೂ ಪಾಳಿ ಬದಲಾಗಬೇಕು. ಇದಕ್ಕೆಲ್ಲ ತಗಲುವ ಖರ್ಚು ಒಂದು ದೊಡ್ಡ ಪಂದ್ಯದ ಪ್ರಸಾರ ಹಕ್ಕಿನ ಮುಂದೆ ಚಿಲ್ಲರೆ. ವೇಳಾಪಟ್ಟಿ ಬರೆಯುವ ಸಭೆಯಲ್ಲಿ ಈಗ ಜಾಹೀರಾತಿನವರಿಗೆ ಕುರ್ಚಿಯಿದೆ, ಪ್ರಸಾರಕರಿಗೆ ಕುರ್ಚಿಯಿದೆ. ವೈದ್ಯರಿಗೂ ಒಂದು ಕುರ್ಚಿ ಹಾಕಿ, ಅವರು ಬೇಡವೆಂದರೆ ಬೇಡ ಎಂದು ಬರೆದುಕೊಳ್ಳುವವರೆಗೆ ಮೂರು ನಿಮಿಷದ ವಿರಾಮಗಳು ಕಣ್ಣೊರೆಸುವ ಕೆಲಸವಾಗಿಯೇ ಉಳಿಯುತ್ತವೆ.